ಟೂರಿಂಗ್ ಬೈಕ್ ಮೇಲೆ ಎಷ್ಟು ಲೋಡ್ ಹಾಕ್ಬೋದು?

"ಸಾವಿರ ಸಿಸಿ ಇಂಜಿನ್ನು, ಏನ್ ಹಾಕಿದ್ರೂ ಎಳೆಯುತ್ತೆ ಬಿಡಿ" ಅಂತಾರೆ. ಎಳೆಯೋದೇನೋ ಎಳೆಯುತ್ತೆ. ಆದ್ರೆ ಭಾರ ಹೊರೋದು ಟೈರು, ಸ್ಪ್ರಿಂಗು, ಹಿಂದಿನ ಸಬ್‌ಫ್ರೇಮು (ಸೀಟು, ಲಗೇಜು ಕೂರೋ ಚೌಕಟ್ಟು), ನಿಲ್ಲಿಸೋದು ಬ್ರೇಕು, ಇಂಜಿನ್‌ಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ.

ಮ್ಯಾನ್ಯುಯಲ್‌ನಲ್ಲಿ ಬೈಕಿನ ಗರಿಷ್ಠ ಒಟ್ಟು ತೂಕ ಅಂತ ಒಂದು ನಂಬರ್ ಇರುತ್ತೆ, ಬೈಕು, ಪೆಟ್ರೋಲು, ನೀವು, ಹಿಂದೆ ಕೂತೋರು, ಲಗೇಜು ಎಲ್ಲಾ ಸೇರಿ ಅದನ್ನ ದಾಟಬಾರದು. ಅದು 450 ಕೆಜಿ, ಫುಲ್ ಟ್ಯಾಂಕ್ ಸಮೇತ ಬೈಕು 240 ಕೆಜಿ ಅಂತ ಇಟ್ಕೊಳ್ಳಿ, ಉಳಿದಿದ್ದು 210. ಆಹಾ, ಎಷ್ಟೊಂದು ಅನ್ಸುತ್ತೆ ಅಲ್ವಾ? ನೀವು 80, ಹಿಂದೆ ಕೂತೋರು 65, ಇಬ್ಬರ ಹೆಲ್ಮೆಟ್ಟು ಜಾಕೆಟ್ಟು ಬೂಟು ಸೇರಿ 18, ಖಾಲಿ ಲಗೇಜ್ ಬಾಕ್ಸ್ ಮೂರು (ಸೈಡಿಗೆ ಎರಡು, ಸೀಟಿನ ಹಿಂದೆ ಮೇಲೆ ಒಂದು ಟಾಪ್ ಬಾಕ್ಸ್) ಪ್ಲಸ್ ಅದರ ಸ್ಟ್ಯಾಂಡು 20. ಇನ್ನೂ ಒಂದು ಬಟ್ಟೆ ಇಟ್ಟಿಲ್ಲ, ಆಗ್ಲೇ 183 ಆಯ್ತು, ಉಳಿದಿದ್ದು ಬರೀ 27 ಕೆಜಿ! ಇನ್ನು ಕೆಲವು ಕಡೆ ಡ್ರೈ ವೆಯ್ಟ್ ಅಂತ ಕೊಟ್ಟಿರ್ತಾರೆ, ಅದರಲ್ಲಿ ಪೆಟ್ರೋಲ್ ಸೇರಿರಲ್ಲ, 20 ಲೀಟರ್ ಪೆಟ್ರೋಲೇ ಸುಮಾರು 15 ಕೆಜಿ, ಹಾಗಾಗಿ ಆ ನಂಬರ್ ಹಿಡ್ಕೊಂಡು ಲೆಕ್ಕ ಹಾಕಿದ್ರೆ ಮೋಸ ಹೋಗ್ತೀರ.

ಟೈರ್ ಸೈಡಲ್ಲಿ 180/55 ಝಡ್‌ಆರ್ 17 ಆದ್ಮೇಲೆ 73 ಅಂತ ಇದ್ರೆ ಅದು ಲೋಡ್ ಇಂಡೆಕ್ಸ್, ಅಂದ್ರೆ ಆ ಟೈರ್ 365 ಕೆಜಿ ತಡೆಯುತ್ತೆ. ಆದ್ರೆ ಭಾರ ಹೊರೋದು ಬರೀ ರಬ್ಬರ್ ಅಲ್ಲ, ಒಳಗಿರೋ ಗಾಳಿ. ಗಾಳಿ ಕಮ್ಮಿ ಇದ್ರೆ ಪ್ರತಿ ಸುತ್ತಿಗೂ ಟೈರಿನ ಗೋಡೆ ಜಾಸ್ತಿ ಮಡಚಿ ಮಡಚಿ ಬಿಸಿ ಆಗುತ್ತೆ, ಲೋಡ್ ಜೊತೆ ಸ್ಪೀಡೂ ಸೇರಿದ್ರೆ ಪದರ ಬಿಟ್ಕೊಳ್ಳೋದು ಅಲ್ಲಿಂದಾನೇ. ಅದಕ್ಕೇ ಇಬ್ಬರು ಪ್ಲಸ್ ಲಗೇಜ್‌ಗೆ ಬೇರೆ ಪ್ರೆಷರ್ ಹೇಳಿರ್ತಾರೆ, ಹೊರಡೋಕ್ ಮುಂಚೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡ್ಬೇಕು.

ನನ್ನ ಪ್ರಕಾರ ಜನ ಕಡೆಗಣಿಸೋದು ತೂಕ ಎಲ್ಲಿ ಕೂರುತ್ತೆ ಅನ್ನೋದನ್ನ. ಟಾಪ್ ಬಾಕ್ಸ್ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರುತ್ತಲ್ಲ, ಅದು ಸೀ-ಸಾ ಥರ. ಎರಡು ಚಕ್ರದ ಮಧ್ಯೆ 1.5 ಮೀಟರ್, ಬಾಕ್ಸ್ ಆಕ್ಸಲ್‌ನಿಂದ 40 ಸೆಂಮೀ ಹಿಂದೆ, ಒಳಗೆ 10 ಕೆಜಿ ಅಂದ್ರೆ ಹಿಂದಿನ ಚಕ್ರಕ್ಕೆ 12.7 ಕೆಜಿ ಬೀಳುತ್ತೆ, ಮುಂದಿನ ಚಕ್ರ 2.7 ಕೆಜಿ ಹಗುರ ಆಗುತ್ತೆ. ಹ್ಯಾಂಡಲ್ ಯಾಕೋ ತೇಲ್ತಾ ಇದೆ, ಹೈವೇಲಿ ಬೈಕ್ ಹಾವಿನ ಥರ ಆಡ್ತಿದೆ ಅನ್ಸೋಕೆ ಇದೂ ಒಂದು ಕಾರಣ. ಟೂಲ್ಸು, ನೀರು, ಕ್ಯಾಮೆರಾ ಥರದ ಭಾರದ್ದೆಲ್ಲ ಸೈಡ್ ಬಾಕ್ಸ್‌ನ ತಳಕ್ಕೆ, ಆದಷ್ಟು ಮುಂದಕ್ಕೆ ಇಡಿ, ಸ್ಲೀಪಿಂಗ್ ಬ್ಯಾಗು ಬಟ್ಟೆ ಮೇಲಕ್ಕೆ ಹೋಗ್ಲಿ. ಟಾಪ್ ಬಾಕ್ಸ್‌ಗೆ, ಅದರ ರ್‍ಯಾಕ್‌ಗೆ ಬೇರೇನೇ ಲಿಮಿಟ್ ಇರುತ್ತೆ, ಒಟ್ಟು ತೂಕ ಸರಿ ಇದ್ರೂ ಅಲ್ಲಿ ಮಿತಿ ಮೀರಿರ್ಬೋದು.

ಬ್ರೇಕ್ ವಿಷ್ಯ ಚಿಕ್ಕದು. ಒಬ್ರೇ ಕೂತಾಗ 320 ಕೆಜಿ, ಫುಲ್ ಲೋಡಲ್ಲಿ 450, ಅದೇ ಸ್ಪೀಡಿಂದ ನಿಲ್ಲಿಸೋಕೆ ಬ್ರೇಕುಗಳು 40% ಜಾಸ್ತಿ ಶಕ್ತೀನ ಬಿಸಿಯಾಗಿ ಬಿಡ್ಬೇಕು, ಘಾಟಿ ಇಳಿಯುವಾಗ ಇದು ಗೊತ್ತಾಗುತ್ತೆ.

ಲೋಡ್ ಹಾಕಿದ್ಮೇಲೆ ಹಿಂದಿನ ಸಸ್ಪೆನ್ಷನ್ ಪ್ರಿಲೋಡ್ (ಸ್ಪ್ರಿಂಗನ್ನ ಮೊದಲೇ ಎಷ್ಟು ಒತ್ತಿಟ್ಟಿರ್ಬೇಕು ಅನ್ನೋ ಸೆಟ್ಟಿಂಗು) ಏರಿಸಿ, ಇಲ್ಲಾಂದ್ರೆ ಹಿಂಭಾಗ ಕುಸಿದು ಹೆಡ್‌ಲೈಟ್ ಎದುರಿಗೆ ಬರೋರ ಕಣ್ಣಿಗೇ ಹೊಡೆಯುತ್ತೆ. ತೂಕ ನೋಡೋಕೆ ಮನೆ ತೂಕದ ಮಷೀನ್ ಸಾಕು: ಬಾಕ್ಸ್ ಹಿಡ್ಕೊಂಡು ನಿಂತ್ಕೊಳ್ಳಿ, ಆಮೇಲೆ ನಿಮ್ಮ ತೂಕ ಕಳೀರಿ. ಎಡಕ್ಕೂ ಬಲಕ್ಕೂ ಜಾಸ್ತಿ ವ್ಯತ್ಯಾಸ ಬಂತಾ, ಸಾಮಾನು ಅದಲು ಬದಲು ಮಾಡಿ ಇನ್ನೊಂದ್ಸಲ ತೂಗಿ.