ಹದಿನಾಲ್ಕು ಜನರ ಹುಟ್ಟುಹಬ್ಬದ ಊಟ: ಟೇಬಲ್ ಬುಕ್ ಮಾಡುವಾಗ ಏನು ಮಾತಾಡಿಕೊಳ್ಳಬೇಕು?

ಪ್ರಶ್ನೆ: ಅಪ್ಪನಿಗೆ ಈ ತಿಂಗಳು 70 ತುಂಬುತ್ತದೆ. ಬೆಳಗ್ಗೆ ಮನೆಯಲ್ಲೇ ಭೀಮರಥ ಶಾಂತಿ, ರಾತ್ರಿ ಬೆಂಗಳೂರಿನ ಒಂದು ಒಳ್ಳೆಯ ವೆಜ್ ರೆಸ್ಟೋರೆಂಟಿನಲ್ಲಿ ಮನೆಮಂದಿಯ ಊಟ. ಮೂವರು ಮಕ್ಕಳು ಸೇರಿ 14 ಜನ. ಬುಕ್ ಮಾಡುವಾಗಲೇ ಏನೇನು ಮಾತಾಡಿಕೊಂಡಿರಬೇಕು?

ಉತ್ತರ: ಆ್ಯಪಿನಲ್ಲಿ ಬುಕ್ ಮಾಡಿ ಸುಮ್ಮನಾಗಬೇಡಿ. 14 ಅಂತ ಒತ್ತಿದರೆ ಅದು ಸರಿ ಅನ್ನುತ್ತದೆ, ಆದರೆ 14 ಕುರ್ಚಿ ಒಂದೇ ಕಡೆ ಸಿಗುತ್ತವೆ ಅಂತ ಖಾತ್ರಿ ಕೊಡುವುದಿಲ್ಲ. ಎರಡು ದಿನ ಮೊದಲು, ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ನಾಲ್ಕರಿಂದ ಆರರೊಳಗೆ, ಮ್ಯಾನೇಜರಿಗೇ ಫೋನ್ ಮಾಡಿ. ಮಾತಾಡಿದ್ದನ್ನು ಅವರಿಗೆ ವಾಟ್ಸ್‌ಆ್ಯಪ್ ಕೂಡ ಮಾಡಿ. ನೀವು ಹೋಗುವ ರಾತ್ರಿ ಡ್ಯೂಟಿಯಲ್ಲಿ ಬೇರೆಯವರು ಇರಬಹುದು.

ಮೊದಲು ಕೇಳಬೇಕಾದ್ದು ಮೆನು ಅಲ್ಲ, ಜಾಗ. ನಾಲ್ಕು ಟೇಬಲ್ ಜೋಡಿಸಿ ಏಳೇಳು ಜನರನ್ನು ಎದುರುಬದುರು ಕೂರಿಸುತ್ತಾರೆ. ಅಪ್ಪನನ್ನು ಗೌರವಕ್ಕೆಂದು ತುದಿಗೆ ಕೂರಿಸಿದರೆ ಆ ಕೊನೆಯವರ ಮಾತು ಅವರಿಗೆ ಕೇಳಿಸುವುದೇ ಇಲ್ಲ. ಸಾಲಿನ ನಡುವೆ ಕೂರಿಸಿ, ಕೈಯಿರುವ ಕುರ್ಚಿ ಹಾಕಿಸಿ. ತಗ್ಗಿನ ಸೋಫಾದಿಂದ ಮಂಡಿನೋವಿನವರು ಏಳುವುದು ಕಷ್ಟ. ಲಿಫ್ಟ್ ಇದೆಯೇ, ವೆಸ್ಟರ್ನ್ ಟಾಯ್ಲೆಟ್ ಅದೇ ಮಹಡಿಯಲ್ಲಿದೆಯೇ, ಅಂದು ರಾತ್ರಿ ಲೈವ್ ಮ್ಯೂಸಿಕ್ ಇಟ್ಟಿದ್ದಾರೆಯೇ, ಇಷ್ಟನ್ನೂ ಕೇಳಿ.

ಸಮಯ 7:15. ಎಂಟೂವರೆಗೆ ಹೋದರೆ ನಿಮ್ಮ ಆರ್ಡರ್ ಇಡೀ ಹಾಲಿನ ಆರ್ಡರಿನ ಹಿಂದೆ ನಿಲ್ಲುತ್ತದೆ.

ಊಟ ಕೆಡುವುದು ಹೆಚ್ಚಾಗಿ ರುಚಿಯಿಂದಲ್ಲ, ಬರುವ ಕ್ರಮದಿಂದ. ವೇಟರ್ ಬರೆದುಕೊಂಡದ್ದು ಕೆಓಟಿಯಾಗಿ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಾಗಿ, ತಂದೂರಿಗೆ, ಚೈನೀಸಿಗೆ, ಗ್ರೇವಿ ವಿಭಾಗಕ್ಕೆ ಬೇರೆಬೇರೆ ಹೋಗುತ್ತದೆ. ಯಾವುದು ಮೊದಲು ತಯಾರೋ ಅದು ಮೊದಲು ಟೇಬಲ್ಲಿಗೆ. ಸ್ಟಾರ್ಟರ್, ಮೇನ್ ಕೋರ್ಸ್ ಎರಡನ್ನೂ ಒಟ್ಟಿಗೆ ಹೇಳಿಬಿಟ್ಟರೆ, ಟಿಕ್ಕಾ ಇನ್ನೂ ಒಲೆಯಲ್ಲಿರುವಾಗ ಗ್ರೇವಿ ಬಂದು ಆರುತ್ತ ಕೂರುತ್ತದೆ. ಅದಕ್ಕೇ "ಮೇನ್ ಕೋರ್ಸ್ ಹೋಲ್ಡ್ ಮಾಡಿ, ಆಮೇಲೆ ಹೇಳ್ತೀವಿ" ಅನ್ನಿ. ಸ್ಟಾರ್ಟರ್ ತಟ್ಟೆ ಅರ್ಧ ಖಾಲಿಯಾದಾಗ ಕಳಿಸಲು ಹೇಳಿದರೆ ಲೆಕ್ಕ ಸರಿಹೋಗುತ್ತದೆ. ಆರ್ಡರ್ ಹೇಳುವುದೂ ಒಬ್ಬರೇ ಆಗಿರಲಿ.

ಪ್ರಮಾಣ: ಸೂಪ್ ಏಳು, ಎಲ್ಲವೂ ಬೈ ಟು. ಪನೀರ್ ಟಿಕ್ಕಾದ ಒಂದು ಪ್ಲೇಟಿನಲ್ಲಿ ಸಾಮಾನ್ಯವಾಗಿ ಆರೆಂಟು ತುಂಡು. ಒಂದೇ ತರಿಸಿದರೆ ತಟ್ಟೆ ಟೇಬಲ್ಲಿನ ಅರ್ಧಕ್ಕೆ ಬರುವಷ್ಟರಲ್ಲಿ ಖಾಲಿ. ಆರು ಬಗೆಯ ಬದಲು ಮೂರು ಬಗೆ, ತಲಾ ಎರಡು ಪ್ಲೇಟ್. ಗ್ರೇವಿ ಐದು, ದಾಲ್ ಎರಡು, ಬಿರಿಯಾನಿ ಮೂರು ಸಾಕು. ರೋಟಿ-ನಾನ್ ಸೇರಿ 30ರ ಹತ್ತಿರ ಬೇಕಾದರೂ ಹತ್ತು ಹತ್ತಾಗಿ ತರಿಸಿ. ಹತ್ತು ನಿಮಿಷ ಕೂತ ನಾನ್ ಚರ್ಮದ ಹಾಗೆ ಎಳೆಯುತ್ತದೆ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿದ್ದರೆ ಫೋನಿನಲ್ಲೇ ತಿಳಿಸಿ. ಬಹಳಷ್ಟು ಕಡೆ ಗ್ರೇವಿಯ ಮಸಾಲೆ ಬೆಳಗ್ಗೆಯೇ ಅರೆದು ಬೇಯಿಸಿಟ್ಟಿರುತ್ತಾರೆ. ಆರ್ಡರ್ ಕೊಟ್ಟ ಮೇಲೆ ಅದರಿಂದ ಈರುಳ್ಳಿ ತೆಗೆಯಲಾಗದು.

ಇನ್ನು ಕೇಕ್. ಊಟದ ಮೇಲೆ 14 ಜನಕ್ಕೆ ಒಂದು ಕೆಜಿ ಧಾರಾಳ, ತಲೆಗೆ 70 ಗ್ರಾಂ ಬರುತ್ತದೆ. ಹೊರಗಿನ ಕೇಕ್ ಒಯ್ಯಲು ಬಿಡುತ್ತಾರೆಯೇ, ಅದಕ್ಕೆ ಚಾರ್ಜ್ ಇದೆಯೇ, ಫ್ರಿಜ್ಜಿನಲ್ಲಿ ಇಡುತ್ತಾರೆಯೇ ಕೇಳಿ. ಶುದ್ಧ ಸಸ್ಯಾಹಾರಿ ಜಾಗದಲ್ಲಿ ಮೊಟ್ಟೆ ಹಾಕಿದ ಕೇಕ್ ಬಾಗಿಲಲ್ಲೇ ನಿಲ್ಲುತ್ತದೆ. ಬೆಳಗ್ಗೆ ಶಾಂತಿ ಮಾಡಿಸಿಕೊಂಡವರಿಂದ ರಾತ್ರಿ ದೀಪ ಊದಿ ಆರಿಸುವುದು ಹಿರಿಯರಿಗೆ ಹಿಡಿಸದಿರಬಹುದು. ಮೇಣದಬತ್ತಿ ಬಿಟ್ಟು 70 ಅಂತ ಬರೆಸಿದರೆ ಆ ತಕರಾರೇ ಇಲ್ಲ. ಮೇಣದಬತ್ತಿ ಹಚ್ಚುವುದಾದರೆ ಮಕ್ಕಳ ಕೈಯಿಂದ ಸ್ನೋ ಸ್ಪ್ರೇ ಕಿತ್ತುಕೊಳ್ಳಿ. ಆ ನೊರೆಯನ್ನು ಹೊರದೂಡುವ ಅನಿಲಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ, ಮುಖ ಸುಟ್ಟುಕೊಳ್ಳಲು ಕ್ಷಣ ಸಾಕು.

ಬಿಲ್ಲಿನ ವಿಷಯ ಮುಜುಗರಪಡದೆ ಕೇಳಿ. ಸಾಧಾರಣ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18. ಊಟ 12,000 ಆದರೆ ಮೊದಲನೆಯ ಕಡೆ 12,600, ಎರಡನೆಯ ಕಡೆ 14,160. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಶೇ 10 ಸೇರಿಸಿ, ಅದರ ಮೇಲೂ ಜಿಎಸ್‌ಟಿ ಹಾಕಿದರೆ 12,600ರ ಬಿಲ್ 13,860 ಆಗುತ್ತದೆ. ತೆಗೆಯಲು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಚೆನ್ನಾಗಿ ಬಡಿಸಿದ ಹುಡುಗನಿಗೆ ಟಿಪ್ಸ್ ಕೈಯಲ್ಲೇ ಕೊಡಿ.

ಬಿಲ್ ಬಂದಾಗ ಭಾವ, ಚಿಕ್ಕಪ್ಪ, ಅಳಿಯ ಎಲ್ಲರೂ ಪರ್ಸ್ ತೆಗೆದು ಎಳೆದಾಡುವುದು ಇದ್ದದ್ದೇ. ಫೋಲ್ಡರ್ ಟೇಬಲ್ಲಿಗೆ ತರಬೇಡಿ ಅಂತ ಮೊದಲೇ ಹೇಳಿಟ್ಟು, ಕೇಕ್ ಹಂಚುವ ಹೊತ್ತಿಗೆ ಕೈ ತೊಳೆಯುವ ನೆಪದಲ್ಲಿ ಎದ್ದು ಕೌಂಟರಿನಲ್ಲಿ ಕಟ್ಟಿ ಬನ್ನಿ.