ಗಂಡಸರಿಲ್ಲದ ನೃತ್ಯಕೂಟ: ಒಂದೂವರೆ ಶತಮಾನದ ಹಿನ್ನೆಲೆ

ಅಮೆರಿಕದ ಮಹಿಳಾ ಕಾಲೇಜುಗಳ ವೇಷದ ನೃತ್ಯಕೂಟಗಳ ಬಗ್ಗೆ ಮಾತೆದ್ದರೆ ಅದು ಬಹುಬೇಗ ಜಗಳಕ್ಕೆ ತಿರುಗುತ್ತದೆ. ಮೌಂಟ್ ಹೋಲಿಯೋಕ್‌ನ ಡ್ರ್ಯಾಗ್ ಬಾಲ್, ವೆಲ್ಸ್ಲಿಯ ಡೈಕ್ ಬಾಲ್ ಎಂಬ ಹೆಸರುಗಳನ್ನು ಕೇಳಿದವರಿಗೆ, ಹುಡುಗಿಯರು ಸೂಟು ತೊಟ್ಟು ಹುಡುಗಿಯರ ಜೊತೆಗೇ ಕುಣಿಯುವುದು ಈಚಿನ ಕಾಲದ ಹೊಸ ಚಾಳಿ ಎನ್ನಿಸುತ್ತದೆ. ಅದರ ಬೇರು ಹುಡುಕಿದರೆ ನಾವು ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಿ ನಿಲ್ಲುತ್ತೇವೆ.

ವಾಸರ್ ಕಾಲೇಜು 1865ರಲ್ಲಿ 353 ವಿದ್ಯಾರ್ಥಿನಿಯರೊಂದಿಗೆ ಬಾಗಿಲು ತೆರೆಯಿತು. ಸ್ಮಿತ್ ಮತ್ತು ವೆಲ್ಸ್ಲಿ ಶುರುವಾದದ್ದು 1875ರಲ್ಲಿ. ಮನೆಯಿಂದ ದೂರ, ಊಟ, ಪಾಠ, ನಿದ್ದೆ ಎಲ್ಲವೂ ಹೆಣ್ಣುಮಕ್ಕಳ ನಡುವೆಯೇ. ಹೆಚ್ಚು ಓದಿದರೆ ಹೆಣ್ಣಿನ ಗರ್ಭಕೋಶ ಕೆಡುತ್ತದೆ ಎಂದು ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಬರೆದಾಗ ದೇಶವೇ ಅದನ್ನು ಗಂಭೀರವಾಗಿ ಚರ್ಚಿಸಿತು. ಅದೇ ವರ್ಷ ಯೇಲ್‌ನ ವಿದ್ಯಾರ್ಥಿ ಪತ್ರಿಕೆಯೊಂದು ವಾಸರ್‌ನ 'ಸ್ಮ್ಯಾಶ್' ಬಗ್ಗೆ ನಗೆಯಾಡಿತು. ಒಬ್ಬಳಿಗೆ ಇನ್ನೊಬ್ಬಳ ಮೇಲೆ ಮನಸ್ಸಾದರೆ ಹೂಗುಚ್ಛ, ಬಣ್ಣದ ಕಾಗದದ ಚೀಟಿ, ಮಿಠಾಯಿ ಪೊಟ್ಟಣ, ಕೊನೆಗೆ ಕೂದಲೆಳೆ ಕೂಡ ಕಳಿಸುತ್ತಾಳಂತೆ. ಆಕೆ ಒಲಿಯುವ ತನಕ ಬಿಡುವುದಿಲ್ಲವಂತೆ.

ಈ ಒಲವಿಗೆ ಸ್ಮಿತ್‌ನ 'ಫ್ರೆಶ್‌ಮನ್ ಫ್ರಾಲಿಕ್' ಒಂದು ಮರ್ಯಾದೆಯ ರೂಪ ಕೊಟ್ಟಿತು. ಎರಡನೇ ವರ್ಷದವಳು ಹೊಸದಾಗಿ ಬಂದವಳಿಗೆ ಜೊತೆಗಾರ. ಮೊದಲು ಹೂವು ಕಳಿಸಬೇಕು. ಯಾವ ನೃತ್ಯ ಯಾರೊಂದಿಗೆ ಎಂದು ಅವಳ ಡ್ಯಾನ್ಸ್ ಕಾರ್ಡು ತುಂಬಿಸಬೇಕು, ನಡುವೆ ತಿನ್ನಲು ಕುಡಿಯಲು ತಂದುಕೊಡಬೇಕು, ಮುಗಿದ ಮೇಲೆ ಕೋಣೆಯ ಬಾಗಿಲ ತನಕ ಬಿಟ್ಟುಬರಬೇಕು. ಅಂದರೆ ಗಂಡಿನ ಪಾತ್ರವಷ್ಟೂ ಅಲ್ಲಿತ್ತು, ಗಂಡು ಮಾತ್ರ ಇರಲಿಲ್ಲ. ಹೊಸ ಊರಲ್ಲಿ ಯಾರೂ ಗೊತ್ತಿಲ್ಲದ ಹದಿನೆಂಟರ ಹುಡುಗಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ನನಗಂತೂ ಹೊಳೆಯುವುದಿಲ್ಲ.

1893ರ ಮಾರ್ಚ್‌ನಲ್ಲಿ ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಇದೇ ಎರಡು ತರಗತಿಗಳ ನಡುವೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ಆಡಿಸಿದರು. ನೋಡಲು ಗಂಡಸರಿಗೆ ಪ್ರವೇಶವಿರಲಿಲ್ಲ. ನಾಟಕದಲ್ಲಿ ಪುರುಷ ಪಾತ್ರ ಮಾಡುವವರ ಪ್ಯಾಂಟಿನ ಮೇಲೂ ಅನೇಕ ಕಾಲೇಜುಗಳು ಕಣ್ಣಿಟ್ಟಿದ್ದವು. ಮೇಲೆ ಕೋಟು, ಕೆಳಗೆ ಲಂಗ ಎಂಬ ರಾಜಿಯೂ ನಡೆದಿತ್ತು. ಆ ಕಾಲೇಜುಗಳ ಭಯವೆಲ್ಲ ಹೊರಗಿನ ಗಂಡಿನ ಕಣ್ಣಿನದು. ಇಬ್ಬರು ಹುಡುಗಿಯರ ಪ್ರೀತಿ ಯಾರಿಗೂ ಅಪಾಯವೆನಿಸಿರಲಿಲ್ಲ. 1882ರಲ್ಲಿ ಪದವೀಧರೆಯರೇ 'ಸ್ಮ್ಯಾಶ್' ಬಗ್ಗೆ ಆತಂಕಪಟ್ಟರು ನಿಜ, ಆದರೆ ಅವರ ಚಿಂತೆ ಹುಡುಗಿಯರ ನಿದ್ದೆ, ಆರೋಗ್ಯಗಳದ್ದು.

ಆಮೇಲೆ ಮನೋವಿಜ್ಞಾನ ಬಂತು, ಆ ಒಲವಿಗೆ ಕಾಯಿಲೆಯ ಹೆಸರು ಬಂತು, ಯುವಕರನ್ನು ಕರೆಯುವ 'ಪ್ರಾಮ್' ನೃತ್ಯಕೂಟ ಬಂತು. ಇಪ್ಪತ್ತನೆಯ ಶತಮಾನದ ಅರ್ಧ ಹೀಗೇ ಕಳೆಯಿತು. ಸಮಾಜ ಸಂಶೋಧಕಿ ಕ್ಯಾಥರೀನ್ ಬೆಮೆಂಟ್ ಡೇವಿಸ್ 1929ರಲ್ಲಿ ಪ್ರಕಟಿಸಿದ 2,200 ಮಹಿಳೆಯರ ಅಧ್ಯಯನದಲ್ಲಿ, ಅವಿವಾಹಿತ ಪದವೀಧರೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಇನ್ನೊಬ್ಬ ಹೆಣ್ಣಿನೊಂದಿಗೆ ಗಾಢ ಭಾವಬಂಧ ಇತ್ತೆಂದು ಹೇಳಿಕೊಂಡಿದ್ದರು. ನಾಚಿಕೆ ಹುಟ್ಟಿತ್ತು, ಒಲವು ಸತ್ತಿರಲಿಲ್ಲ.

1969 ಎರಡು ಕಾರಣಕ್ಕೆ ಮುಖ್ಯ. ವಾಸರ್ ಹುಡುಗರನ್ನೂ ಸೇರಿಸಿಕೊಂಡಿತು; ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನಲ್ಲಿ ಸಲಿಂಗಿಗಳು ಪೊಲೀಸರಿಗೆ ಎದುರು ನಿಂತರು. ಮುಂದಿನ ದಶಕಗಳಲ್ಲಿ, ಸಲಿಂಗಿ ಹೆಣ್ಣಿಗೆ ಬೈಗುಳವಾಗಿದ್ದ 'ಡೈಕ್' ಎಂಬ ಮಾತನ್ನು ವಿದ್ಯಾರ್ಥಿನಿಯರು ತಾವೇ ಎತ್ತಿಕೊಂಡು ನೃತ್ಯಕೂಟಕ್ಕೆ ಇಟ್ಟರು. ಅಜ್ಜಿಯರು ಹೆಸರಿಡದೆ ಮಾಡಿದ್ದನ್ನು ಮೊಮ್ಮಕ್ಕಳು ಹೆಸರಿಟ್ಟು ಮಾಡಿದರು.

ಈಗಿನ ಸಿಕ್ಕು ಬೇರೆ. ಮಹಿಳಾ ಕಾಲೇಜು ಯಾರದ್ದು ಎಂಬ ಪ್ರಶ್ನೆಗೆ ಮಿಲ್ಸ್, ಮೌಂಟ್ ಹೋಲಿಯೋಕ್ 2014ರಲ್ಲಿ, ವೆಲ್ಸ್ಲಿ, ಸ್ಮಿತ್ 2015ರಲ್ಲಿ ಟ್ರಾನ್ಸ್ ಮಹಿಳೆಯರಿಗೆ (ಗಂಡೆಂದು ಹುಟ್ಟಿ ತಾವು ಹೆಣ್ಣೆಂದು ಗುರುತಿಸಿಕೊಂಡವರಿಗೆ) ಬಾಗಿಲು ತೆರೆದು ಉತ್ತರಿಸಿದವು. 2023ರ ಮಾರ್ಚ್‌ನಲ್ಲಿ ವೆಲ್ಸ್ಲಿಯ ವಿದ್ಯಾರ್ಥಿಗಳು ಟ್ರಾನ್ಸ್ ಪುರುಷರಿಗೂ ಪ್ರವೇಶ ಕೊಡಿ ಎಂದು ಮತ ಹಾಕಿದರು. ಆ ಮತಕ್ಕೆ ಆಡಳಿತವನ್ನು ಕಟ್ಟಿಹಾಕುವ ಬಲವಿರಲಿಲ್ಲ, ನಿಯಮ ಬದಲಾಗಲಿಲ್ಲ. ಆದರೆ ಹೆಣ್ಣಾಗಿ ಸೇರಿ, ಓದುವಾಗ ತಾನು ಗಂಡೆಂದು ಗುರುತಿಸಿಕೊಂಡವರು ಅಲ್ಲಿ ಓದು ಮುಂದುವರಿಸಬಹುದು. ಅಂಥವರು ಕುಣಿಯಲು ಬಂದಾಗ ಮೈಮೇಲಿನ ಸೂಟು ಆ ರಾತ್ರಿಯ ವೇಷವಲ್ಲ, ಬೆಳಿಗ್ಗೆ ತರಗತಿಗೂ ಹಾಕಿಕೊಂಡು ಹೋಗುವ ಬಟ್ಟೆ.