ಜೆಸಿಬಿಗೆ ಸೊಂಟ ಇಲ್ಲ

ಮಳೆಗಾಲ ಬಂತೆಂದರೆ ಘಟ್ಟದ ಊರುಗಳಲ್ಲಿ ಟಾರ್ಪಾಲ್ ವ್ಯಾಪಾರ ಜೋರು. ಅದರಲ್ಲಿ ಎಷ್ಟೋ ಹೋಗುವುದು ಮನೆ ಹಿಂದಿನ ಧರೆಗೆ ಹೊದಿಸಲು. ಮಲೆನಾಡಿನಲ್ಲಿ ಧರೆ, ಕೊಡಗಿನಲ್ಲಿ ಬರೆ. ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ ಅದು.

ಕಾಫಿ ತೋಟ ಬಂತು, ರಸ್ತೆ ಬಂತು, ಅಣೆಕಟ್ಟು ಬಂತು, ಆಮೇಲೆ ಹೋಮ್‌ಸ್ಟೇ ಬಂತು. ಹಳೆ ಕಥೆ ಇಷ್ಟೇ. ಮೊದಲೂ ಗುಡ್ಡ ಕಡಿಯುತ್ತಿದ್ದರು, ಆದರೆ ಗುದ್ದಲಿಯಲ್ಲಿ. ಮನೆಗೆ ಬೇಕಾದಷ್ಟು ಜಾಗ ಮಾಡುವಷ್ಟರಲ್ಲಿ ಸೊಂಟ ಬೀಳುತ್ತಿತ್ತು. ಜೆಸಿಬಿಗೆ ಸೊಂಟ ಇಲ್ಲ. ಸಂಜೆಯೊಳಗೆ ಎರಡಾಳೆತ್ತರದ ಧರೆ ನೆಟ್ಟಗೆ ನಿಂತಿರುತ್ತದೆ.

ಅದು ಕುಸಿಯುವ ಬಗೆ ಸರಳ. ಮೇಲೆ ನೀರು ಕುಡಿಯುವ ಕೆಂಪು ಮಣ್ಣು, ಕೆಳಗೆ ನೀರು ಬಿಡದ ಜೇಡಿ. ವಾರಗಟ್ಟಲೆ ಸುರಿದ ಮಳೆ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಬುಡದಲ್ಲಿ ಅದನ್ನು ತಡೆದು ನಿಂತಿದ್ದ ಭಾಗವನ್ನು ನಾವೇ ತೆಗೆದಿರುತ್ತೇವೆ ಅಲ್ವಾ? ಮುಂಚೆ ನೆತ್ತಿಯಲ್ಲಿ ಬಿರುಕು ಕಾಣುತ್ತದೆ, ಬುಡದಲ್ಲಿ ಕೆಂಪು ನೀರು ಒಸರುತ್ತದೆ, ಮರ ವಾಲುತ್ತದೆ. ಟಾರ್ಪಾಲ್ ಮೇಲಿನ ಹನಿಯನ್ನು ತಡೆದೀತು, ಗುಡ್ಡದೊಳಗಿಂದ ಬರುವ ನೀರನ್ನಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮದೆನಾಡಿನ ಕಡೆ ತೋಟಕ್ಕೆ ತೋಟವೇ ಜಾರಿತು. ಭೂಕಂಪ ಅಂದರು, ಡ್ಯಾಮ್ ಅಂದರು. ಭೂವಿಜ್ಞಾನಿಗಳು ನೋಡಿ ಹೇಳಿದ್ದರ ಸಾರ: ಮಳೆ ಜಾಸ್ತಿ ಹೌದು, ಇಳಿಜಾರನ್ನು ಮನಬಂದಂತೆ ಕಡಿದದ್ದೂ ಹೌದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಚಹಾ ಅಂಗಡಿ, ವಾಹನಗಳ ಸಮೇತ ಗಂಗಾವಳಿ ನದಿಗೆ ಇಳಿಯಿತು. ಮಣ್ಣು ಬಿದ್ದ ರಭಸಕ್ಕೆ ನದಿ ನೀರೆದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು.

ಇಷ್ಟರ ನಡುವೆ ನಕ್ಷೆಯ ಜಗಳ. 2011ರಲ್ಲಿ ಕೇಂದ್ರ ನೇಮಿಸಿದ ಗಾಡ್ಗೀಳ್ ಸಮಿತಿ ಇಡೀ ಪಶ್ಚಿಮ ಘಟ್ಟವೇ ಪರಿಸರ ಸೂಕ್ಷ್ಮ ಅಂದಿತು. 2013ರಲ್ಲಿ ಕಸ್ತೂರಿರಂಗನ್ ವರದಿ ಅದನ್ನು ಸುಮಾರು 37 ಶೇಕಡಾಕ್ಕೆ ಇಳಿಸಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಮನೆ ಕಟ್ಟಲಾಗದು, ಗೊಬ್ಬರ ಹಾಕಲಾಗದು ಎಂಬ ಭಯ ಊರೂರಿಗೆ ಹಬ್ಬಿತು. ವರದಿ ಬೇಡ ಅಂದದ್ದು ಗಣಿ, ಕಲ್ಲುಕ್ವಾರಿ, ಭಾರೀ ಕಟ್ಟಡಗಳನ್ನು. ಪರ ಇದ್ದವರೂ ವಿರೋಧ ಇದ್ದವರೂ ಗೆರೆ ಎಲ್ಲಿ ಅಂತ ಜಗಳಾಡಿದರು. ಮನೆ ಹಿಂದೆ ಎಷ್ಟೆತ್ತರ ಕಡಿಯಬಹುದು ಅಂತ ಕೇಳಿದ್ದು ಕಡಿಮೆ.

ಕೇರಳದ ವಯನಾಡಿನ ಭೂಕುಸಿತ ದುರಂತದ ಮರುದಿನ, 2024ರ ಜುಲೈ 31ರಂದು, ಸೂಕ್ಷ್ಮ ಪ್ರದೇಶ ಗುರುತಿಸುವ ಕೇಂದ್ರದ ಆರನೇ ಕರಡು ಅಧಿಸೂಚನೆ ಬಂತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದೇ ತಿಂಗಳು ಶಿರೂರಿನಲ್ಲಿ ಗಂಗಾವಳಿಯ ತಳದಿಂದ ಲಾರಿಯೊಂದನ್ನು ಮೇಲೆತ್ತಿದರು.